ಐದು ತಿಂಗಳ ತಲೆಬುರುಡೆಯ ಮೇಲಿನ ಗೆರೆ

ಬೆಳಿಗ್ಗೆ ಹತ್ತೂವರೆ ಸುಮಾರಿಗೆ ನಾನು ಆ ಮಗುವಿನ ತಲೆಬುರುಡೆ ಮುರಿದಿದೆ ಎಂದು ಬರೆದೆ. ಬರೆಯಲು ಏಳೆಂಟು ನಿಮಿಷ ಸಾಕಾಯಿತು. ಬರೆದದ್ದನ್ನು ವಾಪಸ್ ಪಡೆಯಲು ಸಂಜೆಯವರೆಗೆ ಮೂರು ಊರು ಓಡಾಡಬೇಕಾಯಿತು.

ನನ್ನ ಕೆಲಸ ಚಿತ್ರದುರ್ಗದಲ್ಲಿ ಕುಳಿತು ಸುತ್ತಲಿನ ತಾಲ್ಲೂಕುಗಳಿಂದ ಬರುವ ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ನೋಡಿ ವರದಿ ಕೊಡುವುದು. ಹಿರಿಯೂರಿನಲ್ಲಿ ಸ್ಕ್ಯಾನ್ ಆಗುತ್ತದೆ, ಐದು ನಿಮಿಷದಲ್ಲಿ ಚಿತ್ರಗಳು ನನ್ನ ಪರದೆಯ ಮೇಲಿರುತ್ತವೆ. ರೋಗಿಯ ಹೆಸರು, ವಯಸ್ಸು, ವೈದ್ಯರು ಬರೆದ ಒಂದು ಸಾಲು, ಇಷ್ಟೇ ನನಗೆ ಗೊತ್ತಿರುವುದು. ಮುಖ ನೋಡುವ ಪ್ರಸಂಗ ಬರುವುದಿಲ್ಲ.

ಆ ದಿನ ಬಂದ ಸಾಲು ಹೀಗಿತ್ತು: ಹೆಣ್ಣು ಮಗು, ಐದು ತಿಂಗಳು, ಎರಡು ಬಾರಿ ಫಿಟ್ಸ್, ಬಿದ್ದಿಲ್ಲ ಎನ್ನುತ್ತಾರೆ. ಬಾಗೂರಿನ ಹತ್ತಿರದ ಒಂದು ಹಳ್ಳಿಯ ಮಗು. ಹೊಸದುರ್ಗದ ಮಕ್ಕಳ ವೈದ್ಯರೊಬ್ಬರು ದಾಖಲು ಮಾಡಿಕೊಂಡು, ಸ್ಕ್ಯಾನಿಗೆಂದು ಆಂಬುಲೆನ್ಸಿನಲ್ಲಿ ಹಿರಿಯೂರಿಗೆ ಕಳಿಸಿ ಮತ್ತೆ ವಾಪಸ್ ಕರೆಸಿಕೊಂಡಿದ್ದರು.

ಮಿದುಳಿನಲ್ಲಿ ರಕ್ತಸ್ರಾವವಿರಲಿಲ್ಲ, ಊತವಿರಲಿಲ್ಲ. ಮೂಳೆ ನೋಡುವಾಗ ಬಲಗಡೆ, ಕಿವಿಯ ಮೇಲ್ಭಾಗಕ್ಕೆ ಸ್ವಲ್ಪ ಹಿಂದೆ, ಪೆರೈಟಲ್ ಎಂದು ಕರೆಯುವ ಅಗಲ ಮೂಳೆಯಲ್ಲಿ ಒಂದು ಸಂದು ಕಂಡಿತು. ಮುಂದಿನ ಚಿತ್ರದಲ್ಲೂ ಇತ್ತು. ಅದರ ಮುಂದಿನದರಲ್ಲೂ. ತಲೆಯ ಹಿಂಬದಿಯಲ್ಲಿ ಎರಡು ಮೂಳೆ ಸೇರುವ ಕೂಡುಗೆರೆಯಿಂದ ಹೊರಟು ಓರೆಯಾಗಿ ಮುಂದಕ್ಕೆ ಸಾಗಿತ್ತು. ಎಡಗಡೆ ಅಂಥದ್ದು ಇರಲಿಲ್ಲ. ಬಲಗಡೆ ಮುರಿತ ಎಂದು ಬರೆದು ಸಹಿ ಮಾಡಿ ವೈದ್ಯರಿಗೆ ಫೋನ್ ಮಾಡಿದೆ.

"ಬಿದ್ದೇ ಇಲ್ಲ ಅಂತಾರಲ್ರಿ ಮೇಡಂ," ಎಂದರು ಅವರು.

"ಬೀಳದೆ ಹೀಗಾಗಲ್ಲ ಸರ್."

ಎಷ್ಟು ಸಲೀಸಾಗಿ ಹೇಳಿದೆ ಆ ಮಾತು! ಫೋನಿಟ್ಟು ಕಾಫಿ ಕುಡಿದೆ.

ಮುಂದಿನ ಒಂದು ಗಂಟೆ ಹೊಟ್ಟೆ, ಎದೆ, ಬೆನ್ನುಮೂಳೆ ಎಂದು ಬೇರೆ ಬೇರೆ ಚಿತ್ರಗಳಲ್ಲಿ ಕಳೆಯಿತು. ಹನ್ನೊಂದೂವರೆಗೆ ಹೊಳಲ್ಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಗಂಡಸೊಬ್ಬನ ತಲೆಯ ಸ್ಕ್ಯಾನ್ ಬಂತು. ಅವನದೂ ಪೆರೈಟಲ್ ಮೂಳೆಯೇ, ಅವನದೂ ಬಲಗಡೆಯೇ. ಚಾಕುವಿನಿಂದ ಎಳೆದಂಥ ನೇರ ಕಪ್ಪು ಗೆರೆ. ಅದರ ಮೇಲಿನ ನೆತ್ತಿಯ ಚರ್ಮ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಮೂಳೆ ಮುರಿಯುವಷ್ಟು ಪೆಟ್ಟು ಬಿದ್ದರೆ ಚರ್ಮ ಸುಮ್ಮನಿರುವುದಿಲ್ಲ, ರಕ್ತ ಕಟ್ಟಿಕೊಂಡು ಊದುತ್ತದೆ.

ನನ್ನ ಕೈ ಮೌಸಿನ ಮೇಲೆ ನಿಂತಿತು. ಆ ಮಗುವಿನ ಚರ್ಮ ಊದಿತ್ತೇ?

ನೆನಪಾಗಲಿಲ್ಲ. ನಾನು ನೋಡಿರಲೇ ಇಲ್ಲ. ಗೆರೆ ಕಂಡ ಕೂಡಲೇ ಕಣ್ಣು ಅಲ್ಲಿಗೇ ಅಂಟಿಕೊಂಡಿತ್ತು. ಹೊಳಲ್ಕೆರೆಯವನ ವರದಿ ಮುಗಿಸಿ, ಮಗುವಿನ ಚಿತ್ರಗಳನ್ನು ಮತ್ತೆ ತೆರೆದೆ. ಬಲಗಡೆಯ ಚರ್ಮ, ಎಡಗಡೆಯ ಚರ್ಮ ಎರಡನ್ನೂ ಅಳೆದೆ. ಎರಡೂ ಒಂದೇ ದಪ್ಪ. ಎಲ್ಲೂ ಉಬ್ಬಿಲ್ಲ.

ಓದುವಾಗ ಕಲಿತ ಪಾಠವೊಂದು ಎದ್ದು ಬಂತು. ಪೆರೈಟಲ್ ಮೂಳೆ ತಾಯಿಯ ಹೊಟ್ಟೆಯೊಳಗೆ ಎರಡು ಕಡೆಯಿಂದ ಬೆಳೆಯುತ್ತಾ ಬಂದು ಒಂದಾಗುತ್ತದೆ. ಕೆಲವು ಮಕ್ಕಳಲ್ಲಿ ಒಂದಾದ ಜಾಗ ಪೂರ್ತಿ ಮುಚ್ಚುವುದಿಲ್ಲ, ಗೆರೆಯಾಗಿ ಉಳಿಯುತ್ತದೆ. ಎಲ್ಲರ ತಲೆಬುರುಡೆಯಲ್ಲಿ ಮೂಳೆಗಳ ನಡುವೆ ಇರುವ ಕೂಡುಗೆರೆಗಳ ಹಾಗೆಯೇ ಇದೂ ಒಂದು, ಲೆಕ್ಕಕ್ಕಿಂತ ಹೆಚ್ಚಿನದು. ಇಂಥ ಕೂಡುಗೆರೆಗೆ ಹೊಲಿಗೆ ಎಂಬ ಅರ್ಥದ ಹೆಸರೇ ಇದೆ. ಅದರಿಂದ ನೋವಿಲ್ಲ, ತೊಂದರೆಯಿಲ್ಲ. ಪುಸ್ತಕದಲ್ಲಿ ಎರಡು ಪ್ಯಾರಾ ಓದಿದ್ದೆ, ಕಣ್ಣಾರೆ ಒಂದನ್ನೂ ಕಂಡಿರಲಿಲ್ಲ.

ಹೊಸದುರ್ಗಕ್ಕೆ ಫೋನ್ ಮಾಡಿದೆ. ಮಕ್ಕಳ ವೈದ್ಯರು ಎತ್ತಿದವರೇ, ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

"ಇಲ್ಲಿ ದೊಡ್ಡ ಗಲಾಟೆ ಆಗೈತ್ರಿ. ತಾಯಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಹಗಲೆಲ್ಲ ಮಗು ಇರೋದು ದೊಡ್ಡಮ್ಮನ ಹತ್ರ. ಮುರಿದೈತೆ ಅಂದ ಕೂಡ್ಲೇ ಮನೆಯೋರೆಲ್ಲ ಆಯಮ್ಮನ ಮೇಲೆ ಬಿದ್ರು. ಆಯಮ್ಮ ದೇವರಾಣೆ ಬಿದ್ದಿಲ್ಲ ಅಂತೈತೆ. ಯಾರೂ ನಂಬಲ್ಲ. ಹೊರಗೆ ಕಟ್ಟೆ ಮೇಲೆ ಒಬ್ಳೇ ಕುಂತೈತೆ. ನಾನು ಪೊಲೀಸ್ ಸ್ಟೇಷನ್‌ಗೆ ತಿಳಿಸಲೇಬೇಕಲ್ಲ, ತಿಳಿಸಿದೀನಿ. ಮೂರು ಗಂಟೆಗೆ ಬರ್ತೀವಿ ಅಂದವ್ರೆ."

"ಸರ್, ನನ್ನ ವರದಿಯನ್ನ ಸ್ವಲ್ಪ ಹಿಡಿದಿಡಿ. ನನಗೆ ಅನುಮಾನ ಬಂದಿದೆ."

"ಅನುಮಾನ ಅಂದ್ರೆ? ಮುರಿದೈತೋ ಇಲ್ವೋ?"

"ಗೊತ್ತಿಲ್ಲ ಸರ್."

ಸಹಿ ಹಾಕಿದ ಮೇಲೆ ಗೊತ್ತಿಲ್ಲ ಎನ್ನುವುದು ನಮ್ಮ ಕೆಲಸದಲ್ಲಿ ಬಹಳ ಕಷ್ಟದ ಮಾತು. ವೈದ್ಯರು, "ಬೇಗ ಗೊತ್ತು ಮಾಡ್ಕಳ್ರಿ," ಎಂದರು. ಕೋಪವಿರಲಿಲ್ಲ, ಆತುರವಿತ್ತು.

ಗೊತ್ತು ಮಾಡಿಕೊಳ್ಳುವುದು ಹೇಗೆ? ನನ್ನ ಬಳಿ ಬಂದಿದ್ದ ಚಿತ್ರಗಳು ಐದು ಮಿಲಿಮೀಟರ್ ದಪ್ಪದವು. ಸೌತೆಕಾಯಿಯನ್ನು ದಪ್ಪ ದಪ್ಪ ಬಿಲ್ಲೆಗಳಾಗಿ ಹೆಚ್ಚಿದರೆ ಒಳಗಿನ ಬೀಜದ ಸಾಲು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ತೆಳ್ಳಗೆ ಹೆಚ್ಚಬೇಕು. ಹಾಗೆಂದು ಐದು ತಿಂಗಳ ಮಗುವಿಗೆ ಮತ್ತೊಮ್ಮೆ ವಿಕಿರಣ ಕೊಡಲು ನನಗೆ ಮನಸ್ಸಿರಲಿಲ್ಲ. ಒಂದು ದಾರಿಯಿತ್ತು. ಸ್ಕ್ಯಾನ್ ಮಾಡಿದಾಗ ಯಂತ್ರ ಸಂಗ್ರಹಿಸಿದ ಮೂಲ ಮಾಹಿತಿ ಸ್ವಲ್ಪ ಕಾಲ ಅದರ ಒಳಗೇ ಇರುತ್ತದೆ. ಅದರಿಂದ ಅರ್ಧ ಮಿಲಿಮೀಟರಿನ ತೆಳು ಚಿತ್ರಗಳನ್ನು ಹೊಸದಾಗಿ ತೆಗೆಯಬಹುದು. ಆದರೆ ಹೊಸ ರೋಗಿಗಳು ಬಂದಂತೆಲ್ಲ ಹಳೆಯದು ಅಳಿಸಿಹೋಗುತ್ತದೆ.

ಹಿರಿಯೂರಿನ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಹತ್ತು ವರ್ಷದ ಅನುಭವವಿರುವ, ಮಾತು ಕಡಿಮೆಯ ಮನುಷ್ಯ.

"ಬೆಳಗಿನ ಮಗುವಿನ ರಾ ಡೇಟಾ ಉಳಿದಿದೆಯಾ?"

"ಐತೆ ಮೇಡಂ. ಆದ್ರೆ ಡಿಸ್ಕ್ ತುಂಬೈತೆ. ಇನ್ನು ಇಬ್ರು ಮೂರು ಜನ ಮಾಡಿದ್ರೆ ಹೋಗಬೋದು."

"ಎಷ್ಟು ಜನ ಕಾಯ್ತಿದ್ದಾರೆ?"

"ನಾಲ್ಕು ಜನ ಕುಂತವ್ರೆ. ಒಬ್ಬ ಅಜ್ಜಗೆ ಲಕ್ವಾ ಹೊಡ್ದೈತೆ, ಈಗಷ್ಟೇ ತಂದವ್ರೆ. ನಿಲ್ಸಲಾ?"

ಲಕ್ವ ಹೊಡೆದ ಮುದುಕರನ್ನು ನಿಲ್ಲಿಸಲು ನಾನು ಯಾರು? ಅಲ್ಲಿ ಒಂದೊಂದು ನಿಮಿಷವೂ ಮಿದುಳಿನ ಪ್ರಶ್ನೆ. "ಅಜ್ಜನನ್ನ ಮೊದಲು ಮಾಡಿ. ಉಳಿದವರಿಗೆ ಅರ್ಜೆಂಟ್ ಇದೆಯಾ ಕೇಳಿ. ಇಲ್ಲದಿದ್ದರೆ ಒಂದು ಗಂಟೆ ಕಾಯೋಕೆ ಒಪ್ಪಿಸಿ. ಮಗುವಿನ ಡೇಟಾಗೆ ಲಾಕ್ ಹಾಕೋ ಆಯ್ಕೆ ಎಲ್ಲಾದರೂ ಇದೆಯಾ ನೋಡಿ. ತೆಳು ಚಿತ್ರ ತೆಗೆಯೋಕೆ ಶುರು ಮಾಡಿ."

"ತೆಗೀತೀನಿ. ಕಳ್ಸೋದು ಹೆಂಗೆ? ನೆಟ್ ಬೆಳಗಿಂದ ಕುಂಟ್ತಾ ಐತೆ. ನಾನೂರು ಚಿತ್ರ ಸಂಜೆ ಆದ್ರೂ ಬರಲ್ಲ."

"ಕಳಿಸಬೇಡಿ. ನಾನೇ ಬರ್ತೀನಿ."

ಲ್ಯಾಪ್‌ಟಾಪ್ ಎತ್ತಿಕೊಂಡು ಕಾರು ಹತ್ತಿದೆ. ಹೆದ್ದಾರಿಯಲ್ಲಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಎಂದಿನಂತೆ ನಿಧಾನ ತಿರುಗುತ್ತಿದ್ದವು. ಭಯವಿತ್ತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ಒಂದು ಬಗೆಯ ಹುರುಪೂ ಇತ್ತು. ವರ್ಷಗಟ್ಟಲೆ ಪರದೆಯ ಮುಂದೆ ಕುಳಿತು ಮರೆತೇ ಹೋಗಿದ್ದ ಹುರುಪು. ಒಂದು ಗೆರೆಯ ನಿಜ ತಿಳಿಯಬೇಕು, ಮೂರು ಗಂಟೆಯೊಳಗೆ ತಿಳಿಯಬೇಕು!

ನಾನು ಹೋಗಿ ಇಳಿದಾಗ ಅಜ್ಜನ ಸ್ಕ್ಯಾನ್ ಮುಗಿದಿತ್ತು. ಬಾಗಿಲ ಬಳಿ ಕಾದಿದ್ದ ಟೆಕ್ನಿಷಿಯನ್ ಹೇಳಿದ ಮೊದಲ ಮಾತು, "ಉಳಿದೈತೆ ಮೇಡಂ."

ಮೊದಲು ಅಜ್ಜನ ಚಿತ್ರ ನೋಡಿ, ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಅವರ ವೈದ್ಯರಿಗೆ ತಿಳಿಸಿದೆ. ಆಮೇಲೆ ಮಗುವಿನ ಕಡೆ ತಿರುಗಿದೆವು. ಟೆಕ್ನಿಷಿಯನ್ ತೆಳು ಚಿತ್ರಗಳನ್ನೇನೋ ತೆಗೆದಿದ್ದರು, ಆದರೆ ಅವು ಮಿದುಳಿಗೆ ಹೊಂದುವ ಮೆದು ಚಿತ್ರಗಳು. ಮೂಳೆಯ ಅಂಚು ಕಾಣಬೇಕಾದರೆ ಬೇರೆ ಲೆಕ್ಕಾಚಾರದಲ್ಲಿ ತೆಗೆಯಬೇಕು. ಮತ್ತೆ ಹತ್ತು ನಿಮಿಷ. ಪರದೆಯ ಮೂಲೆಯಲ್ಲಿ ಅಂಕಿ ಒಂದೊಂದೇ ಏರುವುದನ್ನು ನಾವಿಬ್ಬರೂ ನೋಡುತ್ತಾ ನಿಂತೆವು.

ಆಮೇಲೆ ಎಲ್ಲವನ್ನೂ ಜೋಡಿಸಿ ಮೂರು ಆಯಾಮದ ತಲೆಬುರುಡೆ ಕಟ್ಟಿದೆವು. ಪರದೆಯ ಮೇಲೆ ಮಗುವಿನ ಪುಟ್ಟ ಬುರುಡೆ ತೆಂಗಿನ ಚಿಪ್ಪಿನ ಹಾಗೆ ತೇಲಿತು. ಮೌಸಿನಿಂದ ಮೆಲ್ಲಗೆ ಬಲಕ್ಕೆ ತಿರುಗಿಸಿದೆ.

ಗೆರೆ ನೇರವಾಗಿರಲಿಲ್ಲ!

ಹಿಂಬದಿಯ ಕೂಡುಗೆರೆಯಿಂದ ಹೊರಟು, ಗರಗಸದ ಹಲ್ಲಿನಂತೆ ಅತ್ತ ಇತ್ತ ಹೊರಳುತ್ತಾ ಹೊರಳುತ್ತಾ ಮುಂದೆ ಹೋಗಿ ತೆಳ್ಳಗೆ ಮಾಯವಾಗಿತ್ತು. "ಅಯ್ಯೋ, ಇದು ಮುರಿದಿದ್ದಲ್ಲ ಬಿಡ್ರಿ," ಎಂದರು ಟೆಕ್ನಿಷಿಯನ್, ಮಾತು ಕಡಿಮೆಯ ಆ ಮನುಷ್ಯ. ನನಗೆ ಕುಣಿಯುವಂತಾಯಿತು.

ಆದರೆ ಎಡಗಡೆ ತಿರುಗಿಸಿದಾಗ ಕುಣಿತ ನಿಂತಿತು. ಎಡಗಡೆಯ ಮೂಳೆ ನುಣ್ಣಗಿತ್ತು. ಇಂಥ ಹೆಚ್ಚಿನ ಹೊಲಿಗೆಗಳು ಎಷ್ಟೋ ಸಲ ಎರಡೂ ಕಡೆ ಜೋಡಿಯಾಗಿರುತ್ತವೆ ಎಂದು ಓದಿದ್ದೆ. ಒಂದೇ ಕಡೆ ಇದ್ದರೆ ಮುರಿತದ ಅನುಮಾನ ಪೂರ್ತಿ ಹೋಗುವುದಿಲ್ಲ. ಬೆಳಿಗ್ಗೆ ಅವಸರದಲ್ಲಿ ಮುರಿದಿದೆ ಎಂದವಳು ಈಗ ಅದೇ ಅವಸರದಲ್ಲಿ ಮುರಿದಿಲ್ಲ ಎಂದರೆ? ನಿಜವಾಗಿ ಪೆಟ್ಟು ತಿಂದ ಮಗುವಾಗಿದ್ದರೆ, ಅದೇ ಮನೆಗೆ ವಾಪಸ್ ಕಳಿಸಿದ ಹಾಗಾಗುತ್ತದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಭಯಂಕರ.

ನನಗೆ ಅಂಗರಚನೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಚಿತ್ರದುರ್ಗದ ಕೋಟೆಯ ಬುಡದ ಮೊಹಲ್ಲಾದಲ್ಲಿದ್ದಾರೆ. ಮೂವತ್ತು ವರ್ಷ ಒಣ ಬುರುಡೆಗಳನ್ನು ಅಂಗೈಯಲ್ಲಿಟ್ಟು ಪಾಠ ಹೇಳಿದವರು. ಹೆಸರು ವಿವರ ಅಳಿಸಿ ಎರಡು ಚಿತ್ರ ಕಳಿಸಿ ಫೋನ್ ಮಾಡಿದೆ. ನಮಾಜ್ ಮುಗಿಸಿ ಬಂದು ಕುಳಿತಿದ್ದರಂತೆ.

"ನೋಡ್ದೆ ಬೇಟಾ," ಎಂದರು. "ನಾನು ಹೇಳಲ್ಲ, ನೀನು ಹೇಳು. ಗೆರೆ ಅಂಚು ಹೆಂಗೈತೆ?"

ತೆಳು ಚಿತ್ರವನ್ನು ಹಿಗ್ಗಿಸಿದೆ. "ಬೆಳ್ಳಗೆ, ಗಟ್ಟಿಯಾಗಿದೆ ಸರ್. ಎರಡೂ ಕಡೆ ಬಿಳಿ ಅಂಚು ಕಟ್ಟಿದ ಹಾಗಿದೆ."

"ನೆನ್ನೆ ಮೊನ್ನೆ ಮುರಿದ ಮೂಳೆಗೆ ಅಂಚು ಕಟ್ಟೋಕೆ ಟೈಮೆಲ್ಲೈತೆ? ಸರಿ. ಹಿಂದಗಡೆ ದೊಡ್ಡ ಹೊಲಿಗೆ ಸೇರೋ ಜಾಗದಾಗೆ ಅಗಲ ಆಗೈತಾ? ಅದನ್ನ ದಾಟಿ ಆ ಕಡೆ ಹೋಗೈತಾ?"

"ಅಗಲ ಆಗಿಲ್ಲ. ದಾಟಿಲ್ಲ. ಅಲ್ಲೇ ಕೂಡಿಕೊಂಡಿದೆ."

"ಎಡಗಡೆ?"

"ಏನೂ ಇಲ್ಲ ಸರ್. ಅದೇ ನನ್ನ ತೊಂದರೆ."

"ಆ ಮೂರು ಆಯಾಮದ ಬೊಂಬೆ ನಂಬಬ್ಯಾಡ. ಅದು ಪಾಲಿಶ್ ಹೊಡೆದು ತೋರಸ್ತದೆ. ತೆಳು ಚಿತ್ರದಾಗೆ ನೋಡು. ಬಲಗಡೆ ಎಲ್ಲಿ ಶುರು ಆಗೈತೋ ಎಡಗಡೆ ಅದೇ ಜಾಗ ಹುಡುಕು. ಆರಾಮಾಗಿ ನೋಡು, ನಾನು ಲೈನಲ್ಲೇ ಇರ್ತೀನಿ."

ಬಲಗಡೆಯ ಗೆರೆ ಹುಟ್ಟುವ ಜಾಗವನ್ನು ಅಳತೆ ಮಾಡಿಕೊಂಡು, ಎಡಗಡೆ ಅಷ್ಟೇ ದೂರದಲ್ಲಿ ಒಂದೊಂದೇ ಚಿತ್ರ ಸರಿಸಿದೆ. ಮೂಳೆ, ಮೂಳೆ, ಮೂಳೆ. ಆಮೇಲೆ ಒಂದು ಸಣ್ಣ ಕಚ್ಚು. ಮುಂದಿನ ಚಿತ್ರದಲ್ಲಿ ಕಚ್ಚು ಇನ್ನಷ್ಟು ಸ್ಪಷ್ಟ. ಹೊರಪದರದಲ್ಲಿ ಮುಚ್ಚಿ ಒಳಪದರದಲ್ಲಿ ಉಳಿದುಕೊಂಡಿದ್ದ, ಅರ್ಧ ಇಂಚೂ ಇಲ್ಲದ ಪುಟ್ಟ ಗೆರೆ. ಅದಕ್ಕೂ ಬಿಳಿ ಅಂಚು. ಬಲಗಡೆಯದರ ತಂಗಿ!

"ಇದೆ ಸರ್! ಎಡಗಡೆನೂ ಇದೆ!" ನಾನು ಕೂಗಿದ ರಭಸಕ್ಕೆ ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು.

ಮೇಷ್ಟ್ರು ನಕ್ಕರು. "ಮುರಿತ ಅವಸರದ್ದು ಬೇಟಾ, ಸೀದಾ ಓಡ್ತದೆ. ಹೊಲಿಗೆಗೆ ಅವಸರ ಇಲ್ಲ. ಹೋಗು, ಬರಿ."

ಅಲ್ಲೇ ಕುಳಿತು ಹೊಸ ವರದಿ ಬರೆದೆ. ಮೊದಲ ಸಾಲಿನಲ್ಲೇ, ಬೆಳಿಗ್ಗೆ ಕೊಟ್ಟ ವರದಿ ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಸ್ಪಷ್ಟವಾಗಿ ಬರೆದೆ. ಕೊನೆಯಲ್ಲೋ ಸಣ್ಣ ಅಕ್ಷರದಲ್ಲೋ ಬರೆಯಬಹುದಿತ್ತು. ಹಾಗೆ ಮಾಡಿದರೆ ಯಾರೂ ಓದುವುದಿಲ್ಲ. ಸಹಿ ಮಾಡಿ, ಫೋಟೋ ತೆಗೆದು ಹೊಸದುರ್ಗಕ್ಕೆ ಕಳಿಸಿ ಫೋನ್ ಮಾಡಿದೆ.

ಮಕ್ಕಳ ವೈದ್ಯರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮಗೆ ತಾವೇ ಅನ್ನುವ ಹಾಗೆ, "ಮುರಿದಿಲ್ಲ ಅಂದ್ರೆ ಫಿಟ್ಸ್ ಯಾಕೆ ಬಂತು?" ಎಂದರು. "ಈಗ ಹತ್ತು ನಿಮಿಷದ ಕೆಳಗೆ ಇನ್ನೊಂದು ಬಂತು. ಔಷಧಿ ಹಾಕಿದ್ರೂ ಪೂರ್ತಿ ನಿಲ್ತಿಲ್ಲ. ತಲೆಗೆ ಪೆಟ್ಟು ಬಿದ್ದಿರೋದ್ರಿಂದ ಅಂತ ನಾನೂ ಅಲ್ಲಿಗೇ ನಿಲ್ಸಿಬಿಟ್ಟಿದ್ದೆ." ಮತ್ತೆ ತಾವೇ, "ರಕ್ತದಾಗೆ ಕ್ಯಾಲ್ಸಿಯಂ ಇಳಿದ್ರೂ ಫಿಟ್ಸ್ ಬರ್ತೈತೆ, ಅದನ್ನ ನೋಡಿಲ್ಲ ನಾನು. ಇರ್ರಿ, ಈಗ್ಲೇ ರಕ್ತ ಕಳಸ್ತೀನಿ. ಮೇಡಂ, ನೀವು ಇಲ್ಲಿಗೆ ಬರೋಕಾಗ್ತೈತಾ? ಮುರಿದೈತೆ ಅಂತ ಅವರಿಗೆ ಹೇಳಿದ್ದೂ ನಾನೇ. ಈಗ ಇಲ್ಲ ಅಂತ ನಾನೇ ಹೇಳಿದ್ರೆ ಯಾರು ನಂಬ್ತಾರೆ?"

ಮಾರಿಕಣಿವೆಯ ದಾರಿಯಲ್ಲಿ ಹೊರಟೆ. ಅಣೆಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಹೊಸದುರ್ಗ ಮುಟ್ಟುವಷ್ಟರಲ್ಲಿ ಮೂರು ದಾಟಿತ್ತು. ವೈದ್ಯರು ಬಾಗಿಲಲ್ಲೇ ಸಿಕ್ಕರು. ಮುಖ ಅರಳಿತ್ತು.

"ಕ್ಯಾಲ್ಸಿಯಂ ತೀರಾ ಕಡಿಮೆ ಐತ್ರಿ! ಡ್ರಿಪ್‌ನಾಗೆ ನಿಧಾನಕ್ಕೆ ಹಾಕ್ತಾ ಇದೀವಿ. ಶುರು ಮಾಡಿದ ಮೇಲೆ ಒಂದು ಸಲಾನೂ ಫಿಟ್ಸ್ ಬಂದಿಲ್ಲ. ಸ್ಟೇಷನ್‌ಗೂ ನಿಮ್ಮ ಹೊಸ ವರದಿ ಕಳಿಸಿದೀನಿ. ಅವರ ಹತ್ರ ಮಾತಾಡಿ ಆಯ್ತು, ಈಗ ಬರಲ್ಲ ಅಂದವ್ರೆ. ಮನೆಯೋರಿಗೆ ನೀವು ಹೇಳ್ರಿ."

ವಾರ್ಡಿನಲ್ಲಿ ತಾಯಿ ಮಂಚದ ಅಂಚಿಗೆ ಕುಳಿತಿದ್ದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಮಗು ಮಲಗಿತ್ತು. ನಾನು ಹಗಲೆಲ್ಲ ಒಳಗಿನಿಂದ ತಿರುಗಿಸಿ ತಿರುಗಿಸಿ ನೋಡಿದ ತಲೆಯನ್ನು ಹೊರಗಿನಿಂದ ನೋಡಿದ್ದು ಆಗಲೇ. ತೆಳ್ಳನೆಯ ಕೂದಲು, ದೃಷ್ಟಿಗೆಂದು ಇಟ್ಟ ಕಪ್ಪು ಬೊಟ್ಟು.

ನಾನು ಯಾರೆಂದು ಹೇಳಿ, ಮಗುವಿನ ಮೂಳೆ ಮುರಿದಿಲ್ಲ ಎಂದೆ.

"ಬೆಳಿಗ್ಗೆ ಮುರಿದೈತೆ ಅಂದ್ರಿ. ಈಗ ಇಲ್ಲ ಅಂತೀರಿ," ಎಂದಳು ಅವಳು. ದನಿ ಏರಿತು. "ಯಾವುದನ್ನ ನಂಬಾಣ ನಾವು?"

"ಬೆಳಿಗ್ಗೆ ನಾನು ಅವಸರ ಮಾಡಿದೆನಮ್ಮ. ತಪ್ಪು ನಂದು. ನೀನೇ ನೋಡು."

ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ಮೊದಲು ಬಲಗಡೆ ತೋರಿಸಿದೆ, ಆಮೇಲೆ ಎಡಗಡೆಯ ಚಿಕ್ಕದನ್ನು. ಅವಳು ಬಗ್ಗಿ, ಬೆರಳಿನಿಂದ ಗೆರೆಯ ಉದ್ದಕ್ಕೂ ಸವರಿದಳು. ಗಾರ್ಮೆಂಟ್ಸ್‌ನಲ್ಲಿ ದಿನಕ್ಕೆ ನೂರಾರು ಅಂಗಿಗಳ ಹೊಲಿಗೆ ಪರೀಕ್ಷಿಸುವ ಬೆರಳು ಅದು.

"ಇದು ಜಾಯಿಂಟು," ಎಂದಳು ಮೆಲ್ಲಗೆ. "ಹರಿದಿದ್ದಲ್ಲ."

ನಾನು ಉದ್ದದ ಪಾಠ ಹೇಳಲು ಸಿದ್ಧಳಾಗಿ ಬಂದಿದ್ದೆ. ಬೇಕಾಗಲಿಲ್ಲ. ಅವಳು ಎದ್ದು ಹೊರಗೆ ನಡೆದಳು. ನಾನೂ ಹಿಂದೆ ಹೋದೆ.

ಹೊರಗೆ ಹೊಂಗೆ ಮರದ ಕಟ್ಟೆಯ ಮೇಲೆ ಮಗುವಿನ ದೊಡ್ಡಮ್ಮ ಕುಳಿತಿದ್ದರು. ನಲವತ್ತೈದರ ಆಸುಪಾಸು. ಮಡಿಲಲ್ಲಿ ಮಗುವಿನ ಬಟ್ಟೆಗಳ ಚೀಲ. ಬೆಳಗಿನಿಂದ ಅದನ್ನು ಯಾರೂ ಅವರ ಕೈಯಿಂದ ಇಸಿದುಕೊಂಡಿರಲಿಲ್ಲ, ಅವರನ್ನು ಒಳಗೂ ಬಿಟ್ಟಿರಲಿಲ್ಲ.

"ಅಕ್ಕಾ," ಎಂದಳು ತಾಯಿ. ಕಟ್ಟೆಯ ಹತ್ತಿರ ಬಂದು ನಿಂತಳು. "ಅಕ್ಕಾ, ಒಳಗ್ ಬಾ. ಮುರಿದಿಲ್ವಂತೆ."

ದೊಡ್ಡಮ್ಮ ಏಳಲಿಲ್ಲ. ನನ್ನನ್ನೇ ನೋಡಿದರು. "ಬರ್ದೋರು ನೀವೇನಮ್ಮ?"

"ಹೌದಮ್ಮ. ನಾನೇ."

"ನನ್ ಮುಖಾನೂ ನೋಡ್ದಲೇ ಬರದ್ರಲ್ಲ."

ನಾನು ಬರೆದದ್ದು ಮೂಳೆಯ ಬಗ್ಗೆ, ನಿಮ್ಮ ಬಗ್ಗೆ ಅಲ್ಲ ಎನ್ನಬಹುದಿತ್ತು. ಆದರೆ ಬೆಳಿಗ್ಗೆ ಬೀಳದೆ ಹೀಗಾಗಲ್ಲ ಎಂದದ್ದು ಮೂಳೆಯ ಬಗ್ಗೆ ಆಗಿರಲಿಲ್ಲ. "ತಪ್ಪಾಯ್ತಮ್ಮ," ಎಂದೆ.

ಅವರು ಮಡಿಲ ಚೀಲ ಸರಿಮಾಡಿಕೊಂಡು ಹೇಳಿದರು. "ಆ ಇಂಗ್ಲಿಷು ಚೀಟಿ ನಮಗೆ ಬ್ಯಾಡ. ಕನ್ನಡದಾಗೆ ಬರ್ದು ಕೊಡ್ರಿ. ಊರಾಗೆ ಇಷ್ಟೊತ್ಗೆ ಎಲ್ಲಾರ್ಗೂ ಗೊತ್ತಾಗೈತೆ. ಕೇಳ್ದೋರಿಗೆ ತೋರ್ಸಬೇಕು."

ಅದೇ ಕಟ್ಟೆಯ ಮೇಲೆ ಅವರ ಪಕ್ಕ ಕುಳಿತು, ವೈದ್ಯರ ಚೀಟಿಯೊಂದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಈ ಮಗುವಿನ ತಲೆಬುರುಡೆ ಮುರಿದಿಲ್ಲ. ಕಂಡ ಗೆರೆ ಹುಟ್ಟಿನಿಂದ ಬಂದದ್ದು. ಮೊದಲು ಮುರಿದಿದೆ ಎಂದು ಬರೆದದ್ದು ನನ್ನ ತಪ್ಪು. ಸಹಿ ಹಾಕಿ, ಓದಿ ಹೇಳಿದೆ.

"ಮಗೂನ ಬೀಳ್ಸಿಲ್ಲ ಅಂತಾನೂ ಬರೀರಿ."

ನನ್ನ ಪೆನ್ನು ನಿಂತಿತು. ಅಷ್ಟೊಂದು ಆಸೆಯಿಂದ ಕೇಳಿದ್ದರು. ಬೆಳಿಗ್ಗೆ ಕಾಣದ್ದನ್ನು ಕಂಡ ಹಾಗೆ ಹೇಳಿದವಳು ನಾನೇ. "ಅಮ್ಮ, ಮೂಳೆ ಮುರಿದಿಲ್ಲ, ತಲೆಗೆ ಪೆಟ್ಟು ಬಿದ್ದ ಗುರುತು ಎಲ್ಲೂ ಇಲ್ಲ. ಇಷ್ಟು ನನಗೆ ಸ್ಕ್ಯಾನಿನಲ್ಲಿ ಕಂಡಿದೆ, ಅದನ್ನ ಬರೀತೀನಿ. ಮನೆಯಲ್ಲಿ ಏನಾಯ್ತು ಅನ್ನೋದು ನನಗೆ ಕಾಣಲ್ಲ. ಅದನ್ನ ನಾನು ಬರೆಯೋ ಹಾಗಿಲ್ಲ."

ಅವರ ಮುಖ ಬಾಡಿತು. ನಿಂತಿದ್ದ ತಾಯಿ ಕೈ ಚಾಚಿದಳು.

"ಕೊಡ್ರಿ ಇಲ್ಲಿ. ಅದನ್ನ ನಾನು ಬರೀತೀನಿ."

ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಸಹಿಯ ಕೆಳಗೆ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು: ನಮ್ಮಕ್ಕ ನನ್ನ ಮಗೂನ ಬೀಳಿಸಿಲ್ಲ. ಕೆಳಗೆ ತನ್ನ ಹೆಸರು ಹಾಕಿ, ಚೀಟಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಅವರ ಮಡಿಲಿನಲ್ಲಿದ್ದ ಬಟ್ಟೆಯ ಚೀಲವನ್ನು ತಾನು ಎತ್ತಿಕೊಂಡಳು.